ಟಿಸಿ ಮೇಲಿನ ಒಂದು ಸಹಿ: ದಾವಣಗೆರೆಯಿಂದ ಪುಣೆಗೆ ಮನೆ ಸಾಗಿಸಿದ ಅನುಭವ

ದಾವಣಗೆರೆಯಿಂದ ಪುಣೆಗೆ ದಾರಿ ಒಂದೇ. ರಾಷ್ಟ್ರೀಯ ಹೆದ್ದಾರಿ 48 ಹಿಡಿದು ಹಾವೇರಿ, ಹುಬ್ಬಳ್ಳಿ, ಬೆಳಗಾವಿ, ನಿಪ್ಪಾಣಿ ದಾಟಿದರೆ ಕೊಲ್ಹಾಪುರ, ಸಾತಾರಾ, ಆಮೇಲೆ ಪುಣೆ. 2025ರ ಮೇ ತಿಂಗಳಲ್ಲಿ ನಮ್ಮ ಸಾಮಾನಿನ ಲಾರಿ ಸಂಜೆ ಹೊರಟಿತು. ಮರುದಿನ ಮಧ್ಯಾಹ್ನ ಹೊಸ ಮನೆ ಮುಂದೆ ನಿಂತಿತ್ತು. ನಾವು ಕಾಗದ ಪತ್ರಗಳ ಸಮೇತ ಪೂರ್ತಿ ಬಂದು ಸೇರೋಕೆ ಮಾತ್ರ ಸುಮಾರು ಒಂದು ವರ್ಷ ಹಿಡಿಯಿತು.

ನಮ್ಮ ಮನೆಯವರಿಗೆ ಕಂಪನಿಯಲ್ಲೇ ವರ್ಗ ಆಯಿತು. ಮಗಳು ಆಗಷ್ಟೇ ಏಳನೇ ಕ್ಲಾಸ್ ಮುಗಿಸಿದ್ದಳು. ಅತ್ತೆ ನಮ್ಮ ಜೊತೆ ಇರುತ್ತಾರೆ, ಆದರೆ ವರ್ಷದಲ್ಲಿ ನಾಲ್ಕೈದು ತಿಂಗಳು ಹೊನ್ನಾಳಿ ಕಡೆ ಇರುವ ಅವರ ಹಳ್ಳಿ ಮನೆಯಲ್ಲೇ ಕಳೆಯುತ್ತಾರೆ. ಹೊರಡುವ ಮುಂಚೆ ನಾನು ಒಂದು ಪಟ್ಟಿ ಮಾಡಿದ್ದೆ. ಅದರಲ್ಲಿ ಇದ್ದದ್ದು ಪಾತ್ರೆ, ಮಂಚ, ಫ್ರಿಜ್, ವಾಷಿಂಗ್ ಮಷಿನ್. ಯಾವ ಆಫೀಸಿನಿಂದ ಯಾವ ಕಾಗದ ತರಬೇಕು ಅನ್ನೋದು ಒಂದೂ ಇರಲಿಲ್ಲ. ಈಗ ಯಾರಾದರೂ ಕೇಳಿದರೆ ನಾನು ಹೇಳೋದು ಇಷ್ಟೇ: ಹೊಸ ಊರಲ್ಲಿ ಏನು ಮಾಡಬೇಕು ಅನ್ನೋದನ್ನ ಅಲ್ಲಿಗೆ ಹೋದ ಮೇಲೂ ಕಲಿಯಬಹುದು. ಹಳೇ ಊರಲ್ಲಿ ಏನು ಮುಗಿಸಬೇಕು ಅನ್ನೋದನ್ನ ಹೊರಡುವ ಮುಂಚೆಯೇ ತಿಳಿದುಕೊಳ್ಳಬೇಕು. ಬಿಟ್ಟು ಬಂದ ಕೆಲಸಕ್ಕೆ ಮತ್ತೆ ಬಸ್ ಹತ್ತಲೇಬೇಕಾಗುತ್ತದೆ.

ನಾನು ಹಾಗೆ ಬಸ್ ಹತ್ತಿದ್ದು ಮಗಳ ಟಿಸಿಗಾಗಿ. ಅದನ್ನೇ ಮೊದಲು ಹೇಳುತ್ತೇನೆ.

ಪುಣೆಯ ಶಾಲೆಯ ಆಫೀಸಿನಲ್ಲಿ ಕೂತಿದ್ದ ಹೆಂಗಸು ಮೊದಲು ಕೇಳಿದ್ದು "ಎಲ್‌ಸಿ ಆಣಲಾ ಕಾ?" ಅಂತ. ನನಗೆ ಅರ್ಥವಾಗಲಿಲ್ಲ. ನಾವು ಟಿಸಿ ಅನ್ನೋದನ್ನ ಅಲ್ಲಿ ಎಲ್‌ಸಿ ಅನ್ನುತ್ತಾರೆ, ಅಂದರೆ ಶಾಲೆ ಬಿಟ್ಟ ಪ್ರಮಾಣ ಪತ್ರ. ಟಿಸಿ ತೆಗೆದು ಕೊಟ್ಟೆ. ಅವರು ತಿರುಗಿಸಿ ಮುರುಗಿಸಿ ನೋಡಿದರು. ಮುಖ್ಯೋಪಾಧ್ಯಾಯರ ಸಹಿ ಇದೆ, ಸೀಲು ಇದೆ. ಇದರ ಮೇಲೆ ಶಿಕ್ಷಣಾಧಿಕಾರಿಯ ಸಹಿ ಎಲ್ಲಿ ಅಂದರು. ಬೇರೆ ರಾಜ್ಯದ ಟಿಸಿ ಆದರೆ ಶಾಲೆಯ ಸಹಿ ಒಂದೇ ಸಾಲದು, ಆ ಶಾಲೆ ಯಾವ ಶಿಕ್ಷಣಾಧಿಕಾರಿಯ ಕೆಳಗೆ ಬರುತ್ತದೋ ಅವರ ಮೇಲುಸಹಿಯೂ ಬೇಕು. ನಮ್ಮಲ್ಲಿ ಅದು ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಆಫೀಸಿನ ಕೆಲಸ. ಒಂದೇ ಜಿಲ್ಲೆಯೊಳಗೆ ಶಾಲೆ ಬದಲಿಸಿದವರಿಗೆ ಇದರ ಅಗತ್ಯವೇ ಬರೋದಿಲ್ಲ, ಹಾಗಾಗಿ ನಮಗೆ ಯಾರೂ ಹೇಳಿರಲಿಲ್ಲ.

ರಾತ್ರಿ ಬಸ್ಸಿಗೆ ಒಬ್ಬಳೇ ಹೊರಟೆ. ಬೆಳಗ್ಗೆ ದಾವಣಗೆರೆಯಲ್ಲಿ ಇಳಿದು, ಗೆಳತಿ ಮನೆಯಲ್ಲಿ ಮುಖ ತೊಳೆದು, ಹತ್ತೂವರೆಗೆ ಬಿಇಒ ಆಫೀಸಿನಲ್ಲಿದ್ದೆ. ಅಲ್ಲಿ ಒಬ್ಬ ಹಿರಿಯ ಗುಮಾಸ್ತರು ಟಿಸಿ ತೆಗೆದುಕೊಂಡು "ಯಾವ ಕ್ಲಾಸಿಗೆ ಹೋಗ್ತಾಳಮ್ಮ ಮಗು?" ಅಂತ ಕೇಳಿದರು. ಎಂಟನೇ ಕ್ಲಾಸು ಅಂದೆ. "ಹಂಗಾದ್ರೆ ಇದೊಂದೇ ಸಾಲಲ್ಲ. ಒಂದರಿಂದ ಏಳರವರೆಗಿನ ವ್ಯಾಸಂಗ ಪ್ರಮಾಣ ಪತ್ರಾನೂ ಮಾಡಿಸ್ಕೊಂಡು ಹೋಗಿ. ಮುಂದೆ ಸಿಇಟಿಗೆ ಬೇಕಾಗುತ್ತೆ. ಆಗ ಬಂದ್ರೆ ಶಾಲೇಲಿ ಇದೇ ಹೆಡ್‌ಮಾಸ್ಟ್ರು ಇರ್ತಾರೋ ಇಲ್ವೋ" ಅಂದರು.

ಆ ಮಾತು ಕೇಳೋವರೆಗೂ ಸಿಇಟಿ, ಅಂದರೆ ಎಂಜಿನಿಯರಿಂಗ್‌ನಂಥ ಕೋರ್ಸುಗಳ ಪ್ರವೇಶ ಪರೀಕ್ಷೆಯ ವಿಷಯ ನನ್ನ ತಲೆಯಲ್ಲೇ ಇರಲಿಲ್ಲ. ಏಳನೇ ಕ್ಲಾಸಿನ ಮಗು, ಐದು ವರ್ಷ ಮುಂದಿನ ಮಾತು. ಆದರೆ ಮಕ್ಕಳಿರುವ ಮನೆಯವರು ರಾಜ್ಯ ಬದಲಿಸುವ ಮುಂಚೆ ತಿಳಿಯಬೇಕಾದದ್ದು ಬೇರೆಲ್ಲದಕ್ಕಿಂತ ಇದೇ ದೊಡ್ಡದು. ಬಾಡಿಗೆ ಹೆಚ್ಚು ಕೊಟ್ಟರೆ ದುಡ್ಡು ಹೋಗುತ್ತದೆ, ಅಷ್ಟೇ. ಇಲ್ಲಿ ತಪ್ಪಿದರೆ ಮಗುವಿನ ಸೀಟು ಹೋಗುತ್ತದೆ.

ನಮ್ಮ ಸಿಇಟಿಯ ಸಾಮಾನ್ಯ ನಿಯಮ ಹೀಗಿದೆ. ಒಂದನೇ ಕ್ಲಾಸಿನಿಂದ ದ್ವಿತೀಯ ಪಿಯುಸಿವರೆಗಿನ ಓದಿನಲ್ಲಿ ಕನಿಷ್ಠ ಏಳು ವರ್ಷ ಕರ್ನಾಟಕದ ಶಾಲೆ ಕಾಲೇಜುಗಳಲ್ಲಿ ಓದಿರಬೇಕು. ಏಳು ವರ್ಷ ಓದಿದ್ದರಷ್ಟೇ ಸಾಲದು. ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿ, ಎರಡರಲ್ಲಿ ಒಂದನ್ನಾದರೂ ಕರ್ನಾಟಕದಲ್ಲೇ ಪಾಸು ಮಾಡಿರಬೇಕು. ನನ್ನ ಮಗಳಿಗೆ ಏಳು ವರ್ಷ ಆಗಿದೆ. ಎರಡನೇ ಷರತ್ತು ಬಾಕಿ ಇದೆ. ಅವಳು ಹತ್ತನೆಯದನ್ನೂ ಹನ್ನೆರಡನೆಯದನ್ನೂ ಪುಣೆಯಲ್ಲೇ ಮುಗಿಸಿದರೆ ಕರ್ನಾಟಕದ ಈ ದಾರಿ ಅವಳಿಗೆ ಮುಚ್ಚುತ್ತದೆ.

ಹೋಗಲಿ, ಮಹಾರಾಷ್ಟ್ರದ ದಾರಿ ತೆರೆಯುತ್ತದೆ ಅಲ್ವಾ ಅಂದುಕೊಂಡೆ. ಅಲ್ಲೂ ಅಷ್ಟು ಸುಲಭವಿಲ್ಲ. ಎಂಬಿಬಿಎಸ್‌ಗೆ ರಾಜ್ಯದ ಕೋಟಾದಲ್ಲಿ ಸೀಟು ಕೇಳಬೇಕಾದರೆ ಹತ್ತು ಮತ್ತು ಹನ್ನೆರಡು ಎರಡೂ ಮಹಾರಾಷ್ಟ್ರದಲ್ಲೇ ಪಾಸಾಗಿರಬೇಕು, ಮೇಲೆ ಆ ರಾಜ್ಯದ ನಿವಾಸಿ ಅನ್ನುವ ಡೊಮಿಸೈಲ್ ಸರ್ಟಿಫಿಕೇಟ್ ಕೂಡ ಬೇಕು. ಆ ಸರ್ಟಿಫಿಕೇಟ್‌ಗೆ ಸಾಮಾನ್ಯವಾಗಿ 15 ವರ್ಷದ ವಾಸ ಕೇಳುತ್ತಾರೆ. ನಾವು ಬಂದಿರೋದು ನಿನ್ನೆ ಮೊನ್ನೆ. ಅಂದರೆ ಸುಮ್ನೆ ಇದ್ದುಬಿಟ್ಟರೆ ಮಗಳು ಎರಡೂ ಕಡೆ ಹೊರಗಿನವಳಾಗುತ್ತಾಳೆ. ಎನ್‌ಐಟಿ ಅನ್ನುವ ಕೇಂದ್ರದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಆಯಾ ರಾಜ್ಯದವರಿಗೆ ಅಂತ ಅರ್ಧ ಸೀಟು ಮೀಸಲು ಇರುತ್ತದೆ. ಅಲ್ಲಿ ಮಾತ್ರ ಹುಟ್ಟಿದ ಊರು, ವಾಸದ ಊರು ಯಾವುದೂ ಲೆಕ್ಕಕ್ಕಿಲ್ಲ, ಹನ್ನೆರಡನೇ ಕ್ಲಾಸ್ ಎಲ್ಲಿ ಪಾಸಾದರೋ ಆ ರಾಜ್ಯವೇ ಲೆಕ್ಕ.

ಅವತ್ತು ಬಿಇಒ ಆಫೀಸಿನ ಹೊರಗೆ ಬೆಂಚಿನ ಮೇಲೆ ಕೂತು ನಮ್ಮ ಮನೆಯವರಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹತ್ತನೆಯದು ಪುಣೆಯಲ್ಲಿ ಮುಗಿಸಲಿ, ಪಿಯುಸಿಗೆ ದಾವಣಗೆರೆಗೋ ಬೆಂಗಳೂರಿಗೋ ಕಳಿಸೋದಾ ಅಂತ ಆಮೇಲೆ ಯೋಚಿಸೋಣ ಅಂದರು. ಇನ್ನೂ ತೀರ್ಮಾನ ಆಗಿಲ್ಲ. ಆದರೆ ಯೋಚಿಸೋಕೆ ಸಮಯ ಸಿಕ್ಕಿತು, ಅದೇ ದೊಡ್ಡದು. ಹತ್ತನೇ ಕ್ಲಾಸಿನ ಮಕ್ಕಳಿರುವವರಿಗೆ, ಪಿಯುಸಿ ನಡುವೆ ಇರುವವರಿಗೆ ಆ ಸಮಯ ಇರೋದಿಲ್ಲ. ಅವರು ಮನೆ ಹುಡುಕುವ ಮುಂಚೆಯೇ ಆ ವರ್ಷದ ಸಿಇಟಿ ಕೈಪಿಡಿಯಲ್ಲಿ ಅರ್ಹತೆಯ ಭಾಗವನ್ನು ಓದಬೇಕು. ರಕ್ಷಣಾ ಇಲಾಖೆಯವರು, ಕೇಂದ್ರ ಸರ್ಕಾರದ ನೌಕರರು, ಇಂಥವರ ಮಕ್ಕಳಿಗೆ ಬೇರೆ ಬೇರೆ ಷರತ್ತುಗಳಿವೆ. ನಮ್ಮದು ಖಾಸಗಿ ಕೆಲಸ, ನಮಗೆ ಅವು ಯಾವುವೂ ಅನ್ವಯಿಸಲಿಲ್ಲ.

ಆ ಗುಮಾಸ್ತರು ಹೇಳಿದಂತೆ ಶಾಲೆಗೆ ಹೋಗಿ ಏಳು ವರ್ಷದ ವ್ಯಾಸಂಗ ಪ್ರಮಾಣ ಪತ್ರ ಬರೆಸಿದೆ. ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು. ಕನ್ನಡ ಮಾತ್ರ ಇರುವ ಕಾಗದವನ್ನು ಪುಣೆಯಲ್ಲಿ ಓದುವವರು ಸಿಗಲ್ಲ, ಇದು ನೆನಪಿರಲಿ. ಎರಡಕ್ಕೂ, ಟಿಸಿಗೂ ಮೇಲುಸಹಿ ಹಾಕಿಸಿದೆ. ಮಗಳ ಸ್ಯಾಟ್ಸ್ ನಂಬರ್, ಪೆನ್ ನಂಬರ್ ಎರಡನ್ನೂ ಬರೆದುಕೊಂಡೆ. ಸ್ಯಾಟ್ಸ್ ನಮ್ಮ ರಾಜ್ಯದ ವಿದ್ಯಾರ್ಥಿ ನಂಬರ್, ಹೊರಗೆ ಅದಕ್ಕೆ ಬೆಲೆಯಿಲ್ಲ. ಪೆನ್ ಇಡೀ ದೇಶಕ್ಕೆ ಒಂದೇ. ಹೊಸ ಶಾಲೆಯವರು ಆ ನಂಬರ್ ಹಾಕಿ ಮಗುವನ್ನು ತಮ್ಮ ಕಡೆ ಎಳೆದುಕೊಳ್ಳಬೇಕಾದರೆ ಹಳೇ ಶಾಲೆಯವರು ಕಂಪ್ಯೂಟರಿನಲ್ಲಿ ಅವಳನ್ನು ಬಿಟ್ಟುಕೊಟ್ಟಿರಬೇಕು. ಕಾಗದದ ಟಿಸಿ ಕೊಟ್ಟು ಇದನ್ನು ಮರೆಯುವ ಶಾಲೆಗಳಿವೆ. ಎದುರಿಗೇ ನಿಂತು ಮಾಡಿಸಿಕೊಂಡೆ.

ಶಾಲೆ ಶುರುವಾಗುವ ದಿನವೂ ಬೇರೆ. ನಮ್ಮಲ್ಲಿ ಮೇ ಕೊನೆಗೆ ಬಾಗಿಲು ತೆರೆಯುತ್ತದೆ. ಪುಣೆಯ ರಾಜ್ಯ ಮಂಡಳಿಯ ಶಾಲೆಗಳು ಜೂನ್ ಮಧ್ಯಕ್ಕೆ ಶುರು. ಸಿಬಿಎಸ್‌ಇ ಶಾಲೆಗಳು ಏಪ್ರಿಲ್‌ನಲ್ಲೇ ಶುರುವಾಗಿರುತ್ತವೆ. ನಾವು ಮೊದಲು ಸಿಬಿಎಸ್‌ಇ ಅಂದುಕೊಂಡಿದ್ದೆವು. ಮೇ ತಿಂಗಳಲ್ಲಿ ಹೋಗಿ ಕೇಳಿದರೆ ಒಂದು ಘಟಕ ಪರೀಕ್ಷೆಯೇ ಮುಗಿದಿತ್ತು. ಕೊನೆಗೆ ರಾಜ್ಯ ಮಂಡಳಿಯ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದೆವು.

ಭಾಷೆ ವಿಷಯಕ್ಕೆ ನಾನು ಬಹಳ ಹೆದರಿದ್ದೆ. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯ ಪ್ರಕಾರ ಯಾವ ಮಂಡಳಿಯ ಶಾಲೆಯಾದರೂ ಮರಾಠಿ ಕಲಿಸಲೇಬೇಕು. ನಮ್ಮಲ್ಲೂ 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ಇದೆ. ಬೇರೆ ಕಡೆಯಿಂದ ದಾವಣಗೆರೆಗೆ ಬಂದ ಮಕ್ಕಳು ಕನ್ನಡ ಅಕ್ಷರ ತಿದ್ದೋದನ್ನ ನೋಡಿದ್ದೆ. ಆಗ ಅದು ಸರಿ ಅನ್ನಿಸಿತ್ತು, ಈಗಲೂ ಸರಿ ಅನ್ನಿಸುತ್ತದೆ. ಇರುವ ನೆಲದ ಭಾಷೆ ಬರಬೇಕು. ಆದರೂ ಎಂಟನೇ ಕ್ಲಾಸಿನಲ್ಲಿ ಹೊಸ ಭಾಷೆ ಅಂದರೆ ತಾಯಿಗೆ ಆತಂಕ ಇರುತ್ತದೆ. ಮಗಳಿಗೆ ಹಿಂದಿ ಓದೋಕೆ ಬರುತ್ತಿದ್ದರಿಂದ ಲಿಪಿಯ ಕಷ್ಟ ಆಗಲಿಲ್ಲ. ಎರಡನೇ ವಾರದಲ್ಲಿ ಮನೆಗೆ ಓಡಿ ಬಂದು "ಅಮ್ಮ, ಮರಾಠಿಯಲ್ಲೂ ನಮ್ಮ ಳ ಇದೆ!" ಅಂದಳು. ಉತ್ತರದ ಕಡೆಯ ಮಕ್ಕಳು ಆ ಅಕ್ಷರವನ್ನು ಲ ಅಂತ ಓದುತ್ತಾರಂತೆ, ಇವಳು ಒಂದೇ ಸಲಕ್ಕೆ ಸರಿಯಾಗಿ ಓದಿದ್ದಕ್ಕೆ ಟೀಚರ್ ಬೆನ್ನು ತಟ್ಟಿದ್ದರು. ಅವತ್ತಿಂದ ನನಗೆ ಸ್ವಲ್ಪ ನಿರಾಳವಾಯಿತು.

ಕನ್ನಡ ಮಾತ್ರ ಶಾಲೆಯಿಂದ ಹೋಯಿತು. ಪುಣೆಯಲ್ಲಿ ಕನ್ನಡ ಸಂಘ ನಡೆಸುವ ಕನ್ನಡ ಶಾಲೆ ಇದೆ. ನಮಗೆ ದೂರವಾಯಿತು, ಜೊತೆಗೆ ಮಗಳು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು. ಈಗ ಅವಳು ರಾತ್ರಿ ಊಟ ಆದ ಮೇಲೆ ಫೋನಿನಲ್ಲಿ ಕನ್ನಡ ಪೇಪರ್ ತೆಗೆದು ಅಜ್ಜಿಗೆ ಎರಡು ಸುದ್ದಿ ಓದಿ ಹೇಳುತ್ತಾಳೆ. ಅಜ್ಜಿ ಊರಲ್ಲಿದ್ದಾಗ ಕರೆ ಮಾಡಿ ಓದುತ್ತಾಳೆ. ಹೊರಡುವಾಗ ಅವಳ ಹಳೇ ಕನ್ನಡ ಪಠ್ಯ ಪುಸ್ತಕಗಳನ್ನು ರದ್ದಿಗೆ ಹಾಕದೆ ತಂದೆವು. ಅದು ಮಾಡಿದ್ದು ಒಳ್ಳೆಯದಾಯಿತು.

ಈಗ ಮನೆ. ದಾವಣಗೆರೆಯಲ್ಲಿ ನಮ್ಮದು ಬಾಡಿಗೆ ಮನೆ. ಅಗ್ರಿಮೆಂಟ್ ಅಂದರೆ ಛಾಪಾ ಕಾಗದದ ಮೇಲೆ ಹನ್ನೊಂದು ತಿಂಗಳಿಗೆ ಬರೆಸಿ, ನೋಟರಿ ಹತ್ತಿರ ಸೀಲು ಹಾಕಿಸಿ ಬೀರುವಿನಲ್ಲಿ ಇಟ್ಟುಬಿಡುತ್ತಿದ್ದೆವು. ಮಹಾರಾಷ್ಟ್ರದಲ್ಲಿ ಅದನ್ನು ಲೀವ್ ಅಂಡ್ ಲೈಸೆನ್ಸ್ ಅನ್ನುತ್ತಾರೆ. 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಅದು ಬರವಣಿಗೆಯಲ್ಲಿ ಇರಬೇಕು, ನೋಂದಣಿಯೂ ಆಗಬೇಕು. ಹನ್ನೊಂದು ತಿಂಗಳಾದರೂ ಸರಿ. ನೋಂದಣಿ ಮಾಡಿಸುವ ಹೊಣೆ ಮನೆ ಮಾಲೀಕರದು. ಏಜೆಂಟ್ ಒಬ್ಬರು ಲ್ಯಾಪ್‌ಟಾಪ್, ಹೆಬ್ಬೆಟ್ಟಿನ ಮಷಿನ್ ಹಿಡಿದು ಮನೆಗೇ ಬಂದರು. ಮಾಲೀಕರದು, ನಮ್ಮವರದು, ಇಬ್ಬರು ಸಾಕ್ಷಿಗಳದು ಆಧಾರ್ ಮೇಲೆ ಹೆಬ್ಬೆಟ್ಟು ತೆಗೆದುಕೊಂಡರು. ನೋಂದಣಿ ಮುಗಿದ ಮೇಲೆ ಕಾಗದ ಕೈಗೆ ಬಂತು. ಬಾಡಿಗೆದಾರರ ವಿವರ ಪೊಲೀಸರಿಗೆ ಕೊಡೋದೂ ಅದರ ಜೊತೆಗೇ ಆಯಿತು. ಡಿಪಾಸಿಟ್ ಎರಡು ತಿಂಗಳ ಬಾಡಿಗೆ, ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ.

ಇಲ್ಲಿ ನಾವು ಒಂದು ತಪ್ಪು ಮಾಡಿದೆವು. ಅಗ್ರಿಮೆಂಟಿನಲ್ಲಿ ನಮ್ಮ ಮನೆಯವರ ಹೆಸರು ಮಾತ್ರ ಹಾಕಿಸಿದೆವು. ಆಗ ಅದು ದೊಡ್ಡ ವಿಷಯ ಅನ್ನಿಸಲಿಲ್ಲ. ಆದರೆ ಹೊಸ ರಾಜ್ಯದಲ್ಲಿ ಆ ಕಾಗದವೇ ಎಲ್ಲದರ ತಾಯಿಬೇರು. ಕರೆಂಟ್ ಬಿಲ್ ಮಾಲೀಕರ ಹೆಸರಲ್ಲಿ ಇರುತ್ತದೆ, ನೀರಿನ ಬಿಲ್ ಸೊಸೈಟಿ ಹೆಸರಲ್ಲಿ. ನಮ್ಮ ಹೆಸರು ಮತ್ತು ಹೊಸ ವಿಳಾಸ ಎರಡೂ ಒಟ್ಟಿಗೆ ಇರುವ ಕಾಗದ ಆ ಅಗ್ರಿಮೆಂಟ್ ಒಂದೇ. ನಮ್ಮವರ ಆಧಾರ್ ವಿಳಾಸ ಅದನ್ನು ತೋರಿಸಿ ಬೇಗ ಬದಲಾಯಿತು. ನನ್ನದಕ್ಕೆ ದಾಖಲೆಯೇ ಇಲ್ಲ. ಬ್ಯಾಂಕಿಗೆ ಹೋದರೆ ಹೊಸ ವಿಳಾಸದ ಆಧಾರ್ ತನ್ನಿ ಅಂದರು. ಹೊಸ ವಿಳಾಸದ ಆಧಾರ್ ಮಾಡಿಸೋಣ ಅಂದರೆ ಬ್ಯಾಂಕ್ ಪಾಸ್‌ಬುಕ್ ಇದೆಯಾ ಅಂದರು. ಎರಡು ವಾರ ಹೀಗೇ ಅಲೆದೆ.

ಆಮೇಲೆ ಗೊತ್ತಾಗಿದ್ದು, ಮನೆಯ ಯಜಮಾನರ ಆಧಾರ್ ಆಧಾರದ ಮೇಲೆ ಮನೆಯವರ ವಿಳಾಸ ಬದಲಿಸುವ ದಾರಿ 2023ರಿಂದ ಇದೆ. ಅವರ ಆಧಾರ್ ನಂಬರ್ ಹಾಕಿ, ನಮ್ಮಿಬ್ಬರ ಸಂಬಂಧ ತೋರಿಸುವ ಕಾಗದ ಸೇರಿಸಿ ಅರ್ಜಿ ಹಾಕಬೇಕು. ಅವರು ಮೂವತ್ತು ದಿನದೊಳಗೆ ತಮ್ಮ ಕಡೆಯಿಂದ ಒಪ್ಪಿಗೆ ಕೊಡಬೇಕು. ಮದುವೆ ನೋಂದಣಿ ಪತ್ರ, ರೇಷನ್ ಕಾರ್ಡ್, ಪಾಸ್‌ಪೋರ್ಟ್ ಇಂಥದ್ದು ನಡೆಯುತ್ತದೆ. ನಮ್ಮ ಮದುವೆ ನೋಂದಣಿ ಪತ್ರ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿತ್ತು, ಅದೃಷ್ಟಕ್ಕೆ ತಂದಿದ್ದೆವು. ಮದುವೆ ನೋಂದಣಿ ಮಾಡಿಸದವರು ಊರು ಬಿಡುವ ಮುಂಚೆ ಮಾಡಿಸಿಕೊಳ್ಳಿ. ಮತ್ತೆ ಅಗ್ರಿಮೆಂಟಿನಲ್ಲಿ ಗಂಡ ಹೆಂಡತಿ ಇಬ್ಬರ ಹೆಸರನ್ನೂ ಹಾಕಿಸಿ. ಈ ಸಲ ನವೀಕರಿಸುವಾಗ ನಾವು ಹಾಗೇ ಮಾಡಿಸಿದೆವು.

ಅತ್ತೆಯ ಆಧಾರ್ ಮಾತ್ರ ಬದಲಿಸಲಿಲ್ಲ. ನಾನು ಎಲ್ಲರದನ್ನೂ ಒಟ್ಟಿಗೆ ಮಾಡಿಬಿಡೋಣ ಅಂತ ಹೊರಟಿದ್ದೆ. ಅವರೇ ತಡೆದರು. "ನೋಡವ್ವಾ, ನನ್ನ ಮನಿ ಹಳ್ಳ್ಯಾಗೈತಿ. ಕಾರ್ಡಿನ ಮ್ಯಾಗೂ ಅದೇ ಇರ್ಲಿ. ಊರಿಗೆ ಹೋದಾಗ ನಂಗೆ ಬಸ್ಸಿಗೆ ಬೇಕು" ಅಂದರು. ಅವರು ಹೇಳಿದ್ದು ಸರಿಯಿತ್ತು. ಶಕ್ತಿ ಯೋಜನೆಯ ಉಚಿತ ಟಿಕೆಟ್‌ಗೆ ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಬೇಕು. ಅವರ ಮನೆ, ಜಮೀನು, ಮತ ಎಲ್ಲ ಅಲ್ಲೇ ಇದೆ. ಅವರ ರೇಷನ್ ಕಾರ್ಡೂ ಅಲ್ಲಿಯದೇ. ಒಂದು ದೇಶ ಒಂದು ಪಡಿತರ ಅನ್ನುವ ವ್ಯವಸ್ಥೆಯಲ್ಲಿ ಆಹಾರ ಭದ್ರತಾ ಕಾಯ್ದೆಯ ಧಾನ್ಯವನ್ನು ಬೇರೆ ರಾಜ್ಯದ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆಟ್ಟು ಒತ್ತಿ ಪಡೆಯಬಹುದು. ಆದರೆ ನಮ್ಮ ರಾಜ್ಯ ಮೇಲೆ ಸೇರಿಸಿ ಕೊಡುವ ಭಾಗ ಗಡಿಯಾಚೆ ಸಿಗೋದಿಲ್ಲ. ಎಪ್ಪತ್ತು ದಾಟಿದವರಿಗೆ 2024ರಿಂದ ಕೊಡುತ್ತಿರುವ ಆಯುಷ್ಮಾನ್ ಕಾರ್ಡ್ ಕೇಂದ್ರದ್ದು, ಯೋಜನೆಗೆ ಸೇರಿದ ಬೇರೆ ರಾಜ್ಯಗಳ ಆಸ್ಪತ್ರೆಗಳಿಗೂ ಅನ್ವಯಿಸುತ್ತದೆ. ಅತ್ತೆಗೆ ಅದನ್ನು ಮಾಡಿಸಿದೆವು. ಮನೆಯಲ್ಲಿ ಹಿರಿಯರಿದ್ದರೆ ಯಾವ ಸೌಲಭ್ಯ ರಾಜ್ಯದ್ದು, ಯಾವುದು ಕೇಂದ್ರದ್ದು ಅಂತ ಒಂದೊಂದಾಗಿ ಕೂತು ನೋಡಬೇಕು. ರಾಜ್ಯದ್ದು ಗಡಿಯಲ್ಲೇ ನಿಲ್ಲುತ್ತದೆ.

ಇದೇ ಮಾತು ಜಾತಿ ಪ್ರಮಾಣ ಪತ್ರಕ್ಕೂ ಬರುತ್ತದೆ. ನಮ್ಮವರ ಜೊತೆ ಕೆಲಸ ಮಾಡುವ ಒಬ್ಬರು ಪರಿಶಿಷ್ಟ ಜಾತಿಯವರು, ಕಲಬುರಗಿ ಕಡೆಯವರು. ಅವರ ಜಾತಿಯ ಹೆಸರು ಮಹಾರಾಷ್ಟ್ರದ ಪಟ್ಟಿಯಲ್ಲೂ ಇದೆ, ಹಾಗಾಗಿ ಮಗನಿಗೆ ಇಲ್ಲೂ ಮೀಸಲಾತಿ ಸಿಗುತ್ತದೆ ಅಂತ ನಂಬಿ ಬಂದಿದ್ದರು. ಸಿಗೋದಿಲ್ಲ. ವಲಸೆ ಬಂದವರು ತಮ್ಮ ಮೂಲ ರಾಜ್ಯದ ಮೀಸಲಾತಿಯನ್ನು ಹೊಸ ರಾಜ್ಯದಲ್ಲಿ ಕೇಳುವಂತಿಲ್ಲ ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1990ರಲ್ಲೇ ಹೇಳಿದೆ. ಮಹಾರಾಷ್ಟ್ರದಲ್ಲಿ ಜಾತಿ ಪತ್ರ ಕೇಳಿದರೆ ಪರಿಶಿಷ್ಟರು 1950ಕ್ಕಿಂತ, ಹಿಂದುಳಿದ ವರ್ಗದವರು 1967ಕ್ಕಿಂತ ಮುಂಚಿನಿಂದ ಕುಟುಂಬ ಅಲ್ಲಿತ್ತು ಅಂತ ದಾಖಲೆ ತೋರಿಸಬೇಕು. ಕೇಂದ್ರದ ಕೆಲಸಗಳಿಗೆ, ಕೇಂದ್ರದ ಸಂಸ್ಥೆಗಳಿಗೆ ಮೂಲ ರಾಜ್ಯದ ಪತ್ರವೇ ನಡೆಯುತ್ತದೆ. ಅದನ್ನು ಊರಿನ ತಹಶೀಲ್ದಾರ್ ಕಚೇರಿಯಿಂದ ಹೊರಡುವ ಮುಂಚೆ ಇಂಗ್ಲಿಷಿನಲ್ಲೂ ಮಾಡಿಸಿಕೊಳ್ಳೋದು ಒಳ್ಳೆಯದು. ಅವರು ಇದನ್ನು ನನಗೆ ಹೇಳುವಾಗ ಬೇಜಾರು ತಡೆದುಕೊಂಡು ಮಾತಾಡುತ್ತಿದ್ದರು. ಗೊತ್ತಿದ್ದರೆ ಮಗನನ್ನು ಊರಲ್ಲೇ ಬಿಟ್ಟು ಬರುತ್ತಿದ್ದೆ ಅಂದರು.

ಸಾಮಾನು ಸಾಗಿಸಿದ ಕಥೆ ಚಿಕ್ಕದು. ಮೂರು ಪ್ಯಾಕರ್ಸ್‌ನವರನ್ನು ಕೇಳಿ, ಎಲ್ಲರಿಗಿಂತ ಕಡಿಮೆ ಹೇಳಿದವರಿಗೆ ಕೊಟ್ಟೆವು. ಪುಣೆಯಲ್ಲಿ ಲಾರಿ ಬಾಗಿಲು ತೆಗೆಯುವ ಮುಂಚೆ ಮಾತು ಬದಲಾಯಿತು. ಸಾಮಾನು ಜಾಸ್ತಿ ಆಗಿದೆ, ಗಡಿಯಲ್ಲಿ ತೆರಿಗೆ ಕಟ್ಟಿದ್ದೇವೆ, ಇನ್ನೂ ಒಂಬತ್ತು ಸಾವಿರ ಕೊಡಿ ಅಂದರು. ನಮ್ಮ ಹತ್ತಿರ ಸಾಮಾನಿನ ಪಟ್ಟಿಗೆ ಅವರ ಸಹಿ ಇರಲಿಲ್ಲ, ಮಾತಾಡಿದ್ದೆಲ್ಲ ಫೋನಿನಲ್ಲಿ. ಬಳಸಿದ ಮನೆ ಸಾಮಾನಿಗೆ ಜಿಎಸ್‌ಟಿಯ ಇ-ವೇ ಬಿಲ್ ಬೇಕಾಗಿಲ್ಲ, ಗಡಿ ದಾಟೋಕೆ ಅಂತ ಬೇರೆ ತೆರಿಗೆಯೂ ಇಲ್ಲ. ಅದು ನಮಗೆ ಆಮೇಲೆ ಗೊತ್ತಾಯಿತು. ವಾದ ಮಾಡುತ್ತಲೇ ಕತ್ತಲಾಗುತ್ತಾ ಬಂತು, ಆರು ಸಾವಿರ ಕೊಟ್ಟು ಇಳಿಸಿಕೊಂಡೆವು. ಈಗಲೂ ನನಗೆ ಆ ದುಡ್ಡಿಗಿಂತ ಮಗಳು ಪಕ್ಕದಲ್ಲಿ ನಿಂತು ಅದನ್ನೆಲ್ಲ ನೋಡಿದ್ದು ನೆನಪಾಗಿ ಸಂಕಟವಾಗುತ್ತದೆ. ಪ್ರತಿ ಪೆಟ್ಟಿಗೆಗೂ ನಂಬರ್ ಹಾಕಿ, ಪಟ್ಟಿ ಮಾಡಿ, ಒಟ್ಟು ಮೊತ್ತ ಬರೆಸಿ, ಇಬ್ಬರೂ ಸಹಿ ಹಾಕಿದ ಕಾಗದ ಇಟ್ಟುಕೊಳ್ಳಿ. ಲಾರಿ ರಸೀದಿಯಲ್ಲಿ ವಿಮೆ ಇದೆಯೋ ಇಲ್ಲವೋ ಓದಿ. ಸಾಮಾನಿನ ಮಾಲೀಕರ ಜವಾಬ್ದಾರಿ ಅಂತ ಬರೆದಿದ್ದರೆ ಒಡೆದದ್ದಕ್ಕೆ ದುಡ್ಡು ಪಡೆಯೋದು ಕಷ್ಟ.

ಗ್ಯಾಸ್ ಸಿಲಿಂಡರ್ ಲಾರಿಯಲ್ಲಿ ಹಾಕುವಂತಿಲ್ಲ. ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಹಳೇ ಏಜೆನ್ಸಿಗೆ ವಾಪಸ್ ಕೊಟ್ಟರೆ ಡಿಪಾಸಿಟ್ ಹಿಂತಿರುಗಿಸಿ ವೋಚರ್ ಕೊಡುತ್ತಾರೆ. ಅದನ್ನು ಹೊಸ ಊರಲ್ಲಿ ತೋರಿಸಿ, ಈಗಿನ ಡಿಪಾಸಿಟ್ ಕಟ್ಟಿದರೆ ಸಂಪರ್ಕ ಮುಂದುವರಿಯುತ್ತದೆ. ಗೃಹಜ್ಯೋತಿಗೆ ನಮ್ಮ ಆಧಾರ್ ಜೋಡಿಸಿದ್ದನ್ನು ಬಿಡಿಸಿ ಬರಬೇಕು, ಇಲ್ಲದಿದ್ದರೆ ಆ ಮನೆಗೆ ಬರುವ ಮುಂದಿನವರಿಗೆ ತೊಂದರೆ. ಮತದಾರರ ಪಟ್ಟಿಗೆ 2022ರಿಂದ ಫಾರಂ 8 ಒಂದೇ ಸಾಕು, ಬೇರೆ ಕ್ಷೇತ್ರಕ್ಕೆ ಹೋದರೂ ಅದೇ. ಹೊಸದಾಗಿ ಸೇರುವ ಫಾರಂ 6 ತುಂಬಿದರೆ ಎರಡು ಕಡೆ ಹೆಸರು ಉಳಿದು ಪೇಚಾಟ ಆಗುತ್ತದೆ. ಪಿಎಫ್‌ಗೆ ಯುಎಎನ್ ಅನ್ನುವ ಹಳೇ ಖಾತೆ ನಂಬರೇ ಮುಂದುವರಿಯುತ್ತದೆ. ಡ್ರೈವಿಂಗ್ ಲೈಸೆನ್ಸ್ ದೇಶಕ್ಕೆಲ್ಲ ಒಂದೇ.

ಗಾಡಿಯದು ಹಾಗಲ್ಲ. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಅಲ್ಲಿಯ ನಂಬರ್ ಪಡೆಯಲೇಬೇಕು. ನಮ್ಮ ಕಾರಿಗೂ ಸ್ಕೂಟರಿಗೂ ಕೆಎ-17. ಹಳೇ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ ಬೇಕು, ಅದಕ್ಕೆ ಫಾರಂ 28. ಹೊಸ ಆರ್‌ಟಿಒದಲ್ಲಿ ಹೊಸ ನಂಬರಿಗೆ ಫಾರಂ 27. ಸಾಲದ ಗಾಡಿಯಾದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕು. ನಮ್ಮ ಕಾರಿನ ಸಾಲ ತೀರಿತ್ತು, ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ತೆಗೆಸಿರಲಿಲ್ಲ. ಅದನ್ನು ತೆಗೆಸೋಕೆ ಒಂದು ತಿಂಗಳು ಹೋಯಿತು.

ದುಡ್ಡಿನ ವಿಷಯ ಇಲ್ಲಿ ನಿಜವಾಗಿ ಭಾರ. ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ಒಂದೇ ಸಲ ಕಟ್ಟಿದ್ದೆವು. ಮಹಾರಾಷ್ಟ್ರದಲ್ಲಿ ಗಾಡಿಯ ವಯಸ್ಸು ನೋಡಿ ಮತ್ತೆ ತೆರಿಗೆ ಹಾಕುತ್ತಾರೆ. ಅದನ್ನು ಕಟ್ಟಿ, ಹೊಸ ಆರ್‌ಸಿ ಬಂದ ಮೇಲೆ, ಉಳಿದ ವರ್ಷಗಳ ತೆರಿಗೆ ವಾಪಸ್ ಕೊಡಿ ಅಂತ ಹಳೇ ಆರ್‌ಟಿಒಗೆ ಅರ್ಜಿ ಹಾಕಬೇಕು. ಅಂದರೆ ಮೊದಲು ಕೈಯಿಂದ ಕೊಡಬೇಕು, ಬರೋದು ಆಮೇಲೆ. ಸಾಗಿಸುವ ಖರ್ಚಿನ ಲೆಕ್ಕದಲ್ಲಿ ಈ ದುಡ್ಡನ್ನು ಮೊದಲೇ ಸೇರಿಸಿಕೊಳ್ಳಬೇಕು. ಪದೇ ಪದೇ ರಾಜ್ಯ ಬದಲಿಸುವ ಕೆಲಸದವರಿಗೆ 2021ರಲ್ಲಿ ಬಂದ ಬಿಎಚ್ ಸರಣಿಯ ನಂಬರ್ ಇದೆ, ರಾಜ್ಯ ಬದಲಿಸಿದರೂ ಅದೇ ನಡೆಯುತ್ತದೆ. ಸರ್ಕಾರಿ ನೌಕರರಿಗೆ, ಮತ್ತೆ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಯವರಿಗೆ ಅದು ಸಿಗುತ್ತದೆ. ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟಿಕೊಂಡು ಹೋಗಬಹುದು. ನಮ್ಮವರ ಕಂಪನಿಗೆ ಮೂರೇ ರಾಜ್ಯದಲ್ಲಿ ಕಚೇರಿ. ಸ್ಕೂಟರ್ ಹಳೆಯದು, ಹೊಸ ತೆರಿಗೆ ಕಟ್ಟುವಷ್ಟು ಬಾಳುತ್ತಿರಲಿಲ್ಲ. ಅದನ್ನು ದಾವಣಗೆರೆಯಲ್ಲೇ ಮಾರಿ ಬಂದಿದ್ದರೆ ಚೆನ್ನಾಗಿತ್ತು. ಕೊನೆಗೆ ಅದನ್ನು ತಿರುಗಿ ಊರಿಗೆ ಕಳಿಸಿ ಅತ್ತೆಯ ತಮ್ಮನ ಮಗನಿಗೆ ಕೊಟ್ಟೆವು.

ಜನರ ಬಗ್ಗೆ ನನಗಿದ್ದ ಭಯ ಬೇಗ ಹೋಯಿತು. ಮೊದಲ ವಾರ ತರಕಾರಿಯವನು ನನ್ನನ್ನು "ತಾಯಿ" ಅಂತ ಕರೆದ. ಅತ್ತೆಗೆ ಬಹಳ ಖುಷಿ, ಎಷ್ಟು ಮರ್ಯಾದೆ ಕೊಡ್ತಾನೆ ಅಂದರು. ಆಮೇಲೆ ಪಕ್ಕದ ಮನೆಯವರು ಹೇಳಿದರು, ಮರಾಠಿಯಲ್ಲಿ ತಾಈ ಅಂದರೆ ಅಕ್ಕ. ಅತ್ತೆ ಅದನ್ನೂ ಒಪ್ಪಿಕೊಂಡರು. ಈಗ ಅವರೇ ಆ ಹುಡುಗನ ಹತ್ತಿರ ಕನ್ನಡ ಮರಾಠಿ ಬೆರೆಸಿ ಮೆಂತ್ಯದ ಕಟ್ಟಿಗೆ ಚೌಕಾಸಿ ಮಾಡುತ್ತಾರೆ. ಸೊಸೈಟಿಯಲ್ಲಿ ಅಂಟಿಸುವ ನೋಟಿಸು, ಕರೆಂಟ್ ಬಿಲ್, ಬ್ಯಾಂಕಿನ ಚಲನ್ ಎಲ್ಲ ಮರಾಠಿಯಲ್ಲೇ ಬರುತ್ತದೆ. ಮಗಳು ಓದಿ ಹೇಳುತ್ತಾಳೆ, ನಾನು ಅವಳಿಂದ ದಿನಕ್ಕೆ ನಾಲ್ಕು ಪದ ಕಲಿಯುತ್ತೇನೆ.

ಕಾರಿನ ಹೊಸ ಆರ್‌ಸಿ ಹೋದ ತಿಂಗಳು ಬಂತು. ತೆರಿಗೆ ವಾಪಸಿಗೆ ದಾವಣಗೆರೆಯಲ್ಲಿ ಅರ್ಜಿ ಹಾಕಿದ್ದೇವೆ. ಮೊನ್ನೆ ನನ್ನ ತಂಗಿ ಫೋನ್ ಮಾಡಿದ್ದಳು. ಅವಳ ಗಂಡನಿಗೆ ಹೈದರಾಬಾದಿಗೆ ವರ್ಗ ಆಗಿದೆ, ಮಗ ಒಂಬತ್ತನೇ ಕ್ಲಾಸು, ಮುಂದಿನ ವಾರ ಲಾರಿ ಬರುತ್ತದೆ, ಪಾತ್ರೆ ಹೇಗೆ ಪ್ಯಾಕ್ ಮಾಡಲಿ ಅಕ್ಕಾ ಅಂತ ಕೇಳಿದಳು. "ಪಾತ್ರೆ ಇರ್ಲಿ ಬಿಡೇ" ಅಂದೆ, "ನಾಳೆ ಬೆಳಗ್ಗೆ ಹತ್ತೂವರೆಗೆ ಟಿಸಿ ತಗೊಂಡು ಬಿಇಒ ಆಫೀಸಿಗೆ ಹೋಗು. ವ್ಯಾಸಂಗ ಪ್ರಮಾಣ ಪತ್ರಾನೂ ಕೇಳು. ಪೆನ್ನು ತಗೋ, ಇನ್ನೂ ಹೇಳ್ತೀನಿ, ಬರ್ಕೋ."